ಹೊಸ ಹುಡುಗ, ಮೊದಲ ಮ್ಯಾಚು, ನಾಲ್ಕು ಯಾರ್ಡು: ಹ್ಯಾರಿಸನ್ ಜೂನಿಯರ್‌ನ ಆಡಿಸಲಾ, ಕೂರಿಸಲಾ?

ಚಾಂಡ್ಲರ್_ಮಂಡ್ಯ
10 ಸೆಪ್ಟೆಂಬರ್ 2024

ಎಲ್ರಿಗೂ ನಮಸ್ಕಾರ. ತಲೆ ಕೆಟ್ಟು ಕೇಳ್ತಾ ಇದೀನಿ, ನಗಬೇಡಿ.

ನಮ್ಮ ಕನ್ನಡ ಕೂಟದ ಹತ್ತು ಜನ ಸೇರಿ ಅಮೆರಿಕನ್ ಫುಟ್‌ಬಾಲ್ ಮೇಲೆ ಫ್ಯಾಂಟಸಿ ಲೀಗ್ ನಡೆಸ್ತೀವಿ. ನಿಜವಾದ ಆಟಗಾರರನ್ನ ನಮ್ಮೊಳಗೇ ಹಂಚ್ಕೊಂಡು ಟೀಮು ಕಟ್ಟೋದು, ಅವರು ನಿಜ ಮ್ಯಾಚಿನಲ್ಲಿ ಆಡಿದಷ್ಟು ನಮಗೆ ಪಾಯಿಂಟು, ಬೆಂಚಿಗೆ ಕೂರಿಸಿದೋನದು ಲೆಕ್ಕಕ್ಕಿಲ್ಲ. ದುಡ್ಡು ಕಟ್ಟೋ ಆಟ ಅಲ್ಲ. ಕೊನೇ ಸ್ಥಾನಕ್ಕೆ ಬಂದೋನು ಸಂಕ್ರಾಂತಿಗೆ ಹತ್ತೂ ಮನೆಯವರಿಗೆ ಸ್ವಂತ ಕೈಯಾರೆ ಬಿಸಿಬೇಳೆಬಾತ್ ಮಾಡಿ ಬಡಿಸಬೇಕು. ಹೆಂಡತಿ ಸಹಾಯ ಮಾಡೋ ಹಾಗಿಲ್ಲ, ಕೇಟರಿಂಗ್ ತರಿಸೋ ಹಾಗಿಲ್ಲ. ಹೋದ ವರ್ಷ ಮಾಡಿದೋನು ನಾನೇ. ಹುಳಿ ಜಾಸ್ತಿ ಆಗಿತ್ತು ಅಂತ ಇವತ್ತಿಗೂ ಆಡ್ಕೋತಾರೆ.

ಈ ಸಲ ಹಾಗಾಗಬಾರದು ಅಂತ ಎರಡನೇ ಸುತ್ತಿನಲ್ಲೇ ಮಾರ್ವಿನ್ ಹ್ಯಾರಿಸನ್ ಜೂನಿಯರ್‌ನ ಎತ್ಕೊಂಡೆ. ನಮ್ಮೂರ ಕಾರ್ಡಿನಲ್ಸ್ ಟೀಮಿನೋನು, ಎಸೆದ ಬಾಲನ್ನ ಓಡಿ ಹಿಡಿಯೋ ರಿಸೀವರ್. ಟೀಮುಗಳು ಸರದಿ ಮೇಲೆ ಹೊಸ ಹುಡುಗರನ್ನ ಆರಿಸ್ಕೊಳ್ಳೋ ಏಪ್ರಿಲ್ ಡ್ರಾಫ್ಟ್‌ನಲ್ಲಿ ಮೂರು ಕ್ವಾರ್ಟರ್‌ಬ್ಯಾಕ್‌ಗಳು (ಬಾಲು ಎಸೆಯೋರು) ಹೋದ ಮೇಲೆ ನಾಲ್ಕನೇ ಹೆಸರೇ ಇವನದು. ಓಹಾಯೋ ಸ್ಟೇಟ್ ಕಾಲೇಜಿನಲ್ಲಿ ಬಾಲು ಹಿಡಿದು ಎರಡು ವರ್ಷ ಬಿಡದೆ, ವರ್ಷಕ್ಕೆ 1,200 ಯಾರ್ಡ್ ದಾಟಿದೋನು. ಅವನಪ್ಪ ಇದೇ ಆಟದ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದೋನು. ನನ್ನ ಮಗಳು ಅವನ 18ನೇ ನಂಬರ್ ಜೆರ್ಸಿ ಬೇಕು ಅಂತ ಹಠ ಹಿಡಿದು ಕೊಡಿಸ್ಕೊಂಡಿದ್ದಾಳೆ.

ಭಾನುವಾರ ಬಫಲೋದಲ್ಲಿ ಮೊದಲ ಮ್ಯಾಚು. ಇಡೀ ಆಟಕ್ಕೆ ಅವನ ಕಡೆ ಬಂದಿದ್ದು ಮೂರು ಬಾಲು. ಹಿಡಿದಿದ್ದು ಒಂದು. ಸಿಕ್ಕಿದ್ದು ನಾಲ್ಕು ಯಾರ್ಡು. ಟೀಮು 34-28ರಲ್ಲಿ ಸೋತಿತು. ನನ್ನ ಖಾತೆಗೆ 1.4 ಪಾಯಿಂಟು.

ನಾನಿರೋದು ಕಂಪ್ಯೂಟರ್ ಚಿಪ್ ಫ್ಯಾಕ್ಟರೀಲಿ. ನಮ್ಮಲ್ಲಿ ಹೊಸಬ ಬಂದರೆ ಆ ಬಿಳಿ ಸೂಟನ್ನ ನೆಲಕ್ಕೆ ತಾಗದ ಹಾಗೆ ಹಾಕ್ಕೊಳ್ಳೋದು ಕಲಿಯೋಕೇ ಮೊದಲ ವಾರ ಹೋಗುತ್ತೆ. ಮೆಷಿನ್ ಮುಂದೆ ಒಬ್ಬನೇ ನಿಲ್ಲಿಸೋಕೆ ತಿಂಗಳುಗಟ್ಟಲೆ ಬೇಕು. ಹಾಗಿರುವಾಗ 22 ವರ್ಷದ ಹುಡುಗನಿಂದ ಮೊದಲ ಭಾನುವಾರವೇ ಫಲ ಕೇಳೋದು ಸರೀನಾ? ಅಥವಾ ನಾಲ್ಕನೇ ನಂಬರಿಗೆ ತಗೊಂಡ ಮೇಲೆ ಇವತ್ತೇ ಕೊಡು ಅನ್ನೋದು ನ್ಯಾಯಾನಾ? ಈ ವಾರ ಅವನನ್ನ ಬೆಂಚಿಗೆ ಹಾಕಿ, ಹತ್ತು ವರ್ಷ ಆಡಿರೋ ಒಬ್ಬ ಹಳಬನ್ನ ಇಳಿಸೋಣ ಅಂತಿದೀನಿ. ತಿಳಿದೋರು ಹೇಳಿ.


ಹುಬ್ಬಳ್ಳಿ_ಟು_ಎಲ್ಎ
10 ಸೆಪ್ಟೆಂಬರ್

ಏನ್ರಿ ಮಂಡ್ಯದವರ, ಒಂದ ಮ್ಯಾಚಿಗೆ ಕೈಕಾಲು ಬಿಟ್ರಲ್ರೀ!

ಮೊದಲಿಗೆ ಡ್ರಾಫ್ಟ್ ನಂಬರ್ ನೋಡಿ ಆಸೆ ಇಟ್ಕೊಳ್ಳೂದು ಬಿಡ್ರಿ. ಹ್ವಾದ ವರ್ಷ ನಮ್ಮ ರ‍್ಯಾಮ್ಸ್‌ನ ಪೂಕಾ ನಕೂವಾ ಐದನೇ ರೌಂಡಿನಾಗ ಬಂದಾಂವ, 177ನೇ ನಂಬರು. ಹೆಸರು ಹೆಂಗ ಕರೀಬೇಕು ಅನ್ನೂದ ಗೊತ್ತಿರಲಿಲ್ಲ ನಮಗ. ಅದ ಟೀಮಿನ ಹಳೇ ರಿಸೀವರ್ ಕೂಪರ್ ಕಪ್‌ಗ ತೊಡಿ ಹಿಂದಿನ ನರ ಹಿಡದು ಮೊದಲ ನಾಲ್ಕು ಮ್ಯಾಚು ಹೊರಗ ಕುಂತ. ಜಾಗಾ ಖಾಲಿ ಆತು, ಈ ಹುಡುಗ ಹೊಕ್ಕ. ಮೊದಲನೇ ಮ್ಯಾಚಿನಾಗ 10 ಕ್ಯಾಚು 119 ಯಾರ್ಡು. ಎರಡನೇದರಾಗ 15 ಕ್ಯಾಚು. ವರ್ಷ ಮುಗಿಯೂದ್ರಾಗ 105 ಕ್ಯಾಚು, 1,486 ಯಾರ್ಡು, ಎರಡೂ ಆಗ ರೂಕಿ (ಮೊದಲ ವರ್ಷದ ಆಟಗಾರ) ದಾಖಲೆ. ಯಾರ್ಡಿನ ಹಳೇ ದಾಖಲೆ 1960ರದ್ದಿತ್ತು ನೋಡ್ರಿ, ನಮ್ಮಪ್ಪ ಸಾಲಿಗೆ ಹೋಗೂ ಕಾಲದ್ದು.

ಈಗ ಆ ಪೂಕಾನ ಮೊಣಕಾಲು ಈ ಭಾನುವಾರ ಹೋಗೇತಿ, ನನ್ನ ಕಣ್ಣೀರು ಕೇಳಾವ್ರಿಲ್ಲ. ಮುಂದಿನ ವಾರ ನಿಮ್ಮ ಹ್ಯಾರಿಸನ್ ನಮ್ಮ ವಿರುದ್ಧ ಆಡಾಂವ ಅದಾನ. ಕುಂಡ್ರಸ್ರಿ ಅವನ್ನ, ಆರಾಮ ಕುಂಡ್ರಸ್ರಿ. ನಮಗೂ ಚಲೋ.


ಓಹಾಯೋ_ಅಕ್ಕ
10 ಸೆಪ್ಟೆಂಬರ್

ಸಿನ್ಸಿನಾಟಿಯಲ್ಲಿ ಇದ್ದೀನಿ, ಹಾಗಾಗಿ ಇಲ್ಲಿನ ಟೀಮಿನ ರಿಸೀವರ್ ಜಮಾರ್ ಚೇಸ್ ಕತೆ ಹೇಳದೆ ಇರೋಕಾಗಲ್ಲ.

2021ರ ಆಗಸ್ಟ್. ಐದನೇ ನಂಬರಿಗೆ ಇವನನ್ನ ತಗೊಂಡಿದ್ದಕ್ಕೆ ಅರ್ಧ ಊರಿಗೆ ಸಿಟ್ಟು, ಯಾಕಂದ್ರೆ ನಮ್ಮ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅನ್ನೋನ ಮೊಣಕಾಲು ಹಿಂದಿನ ವರ್ಷ ತಾನೇ ಮುರಿದಿತ್ತು, ಅವನ ಮುಂದೆ ನಿಂತು ಕಾಯೋನು ಬೇಕಿತ್ತು. ಚೇಸ್ ನೋಡಿದ್ರೆ ಪ್ರಿಸೀಸನ್‌ನಲ್ಲಿ (ಸೀಸನ್ನಿಗೆ ಮುಂಚಿನ ಅಭ್ಯಾಸದ ಮ್ಯಾಚುಗಳಲ್ಲಿ) ಕೈಗೆ ಬಂದಿದ್ದನ್ನೆಲ್ಲ ಕೆಡವಿದ. ಯಾಕಪ್ಪಾ ಅಂತ ಕೇಳಿದ್ರೆ, ಈ ಬಾಲ್ ಕಾಲೇಜಿನದಕ್ಕಿಂತ ದೊಡ್ಡದು, ಇದರ ಮೇಲೆ ಬಿಳಿ ಪಟ್ಟೆ ಇಲ್ಲ, ಬರೋದು ಸರಿಯಾಗಿ ಕಾಣಲ್ಲ ಅಂದ. ಆಗ ನಮ್ಮತ್ತೆ ಬೆಂಗಳೂರಿಂದ ಬಂದಿದ್ರು. ಸೊಪ್ಪು ಸೋಸ್ತಾ ಕೂತಿದ್ದೋರು ತಲೆ ಎತ್ತಿ, "ಪಟ್ಟೆ ಇಲ್ದೆ ಹಿಡಿಯೋಕಾಗಲ್ವಂತಾ? ಕೋಟಿಗಟ್ಟಲೆ ಕೊಡೋರು ಒಂದು ಸುಣ್ಣದ ಗೆರೆ ಎಳೆಸಬಾರದಾ?" ಅಂದ್ರು.

ನಾವೂ ನಕ್ವಿ. ಮೊದಲ ಮ್ಯಾಚಿನಲ್ಲೇ 101 ಯಾರ್ಡು, ಅದರಲ್ಲೊಂದು 50 ಯಾರ್ಡಿನ ಟಚ್‌ಡೌನು (ಬಾಲು ಹಿಡಿದು ಎದುರಾಳಿಯ ಕೊನೇ ಗೆರೆ ದಾಟೋದು). ವರ್ಷದ ಕೊನೆಗೆ 1,455. ಚೀಫ್ಸ್ ಮೇಲೆ ಒಂದೇ ಆಟದಲ್ಲಿ 266.

ಆದ್ರೆ ಒಂದು ವಿಷಯ ಮರೀಬೇಡಿ. ಬರೋ, ಚೇಸ್ ಇಬ್ಬರೂ 2019ರಲ್ಲಿ ಎಲ್‌ಎಸ್‌ಯು ಕಾಲೇಜಿನಲ್ಲಿ ಒಟ್ಟಿಗೆ ಆಡಿದೋರು. ಚೇಸ್ 2020 ಪೂರ್ತಿ ಆಡಲೇ ಇಲ್ಲ, ಆದ್ರೂ ಅವನು ಎಲ್ಲಿ ತಿರುಗ್ತಾನೆ ಅಂತ ಬರೋಗೆ ಕಣ್ಣು ಮುಚ್ಚಿದ್ರೂ ಗೊತ್ತು. ನಿಮ್ಮ ಹ್ಯಾರಿಸನ್‌ಗೂ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿಗೂ ಪರಿಚಯ ಆಗಿ ನಾಲ್ಕು ತಿಂಗಳು. ಹೊಸ ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಾಗೋಕೂ ಅಷ್ಟು ದಿನ ಬೇಕು.


ಹಿಮದೂರು
11 ಸೆಪ್ಟೆಂಬರ್

ಓಹಾಯೋ ಅಕ್ಕ ಹೇಳಿದ ಆ 101 ಯಾರ್ಡಿನ ಮ್ಯಾಚು ನಮ್ಮ ವೈಕಿಂಗ್ಸ್ ವಿರುದ್ಧ. ಓವರ್‌ಟೈಮ್‌ನಲ್ಲಿ ಸೋತ್ವಿ. ನೆನಪಿಸಿದ್ದಕ್ಕೆ ಉಪಕಾರವಾಯ್ತು ತಾಯೀ.

ಮಂಡ್ಯದವರೇ, ನಾನು 1998ರ ಬೇಸಿಗೆಯಲ್ಲಿ ವೈ2ಕೆ (2000ನೇ ಇಸವಿ ಬಂದಾಗ ಕಂಪ್ಯೂಟರ್ ಕೆಡದ ಹಾಗೆ ಮಾಡೋ) ಕೆಲಸಕ್ಕೆ ಅಂತ ಮಿನಿಯಾಪೊಲಿಸ್‌ಗೆ ಬಂದಿಳಿದವನು. ಕಾರಿರಲಿಲ್ಲ, ಚಳಿಗೆ ತಕ್ಕ ಕೋಟಿರಲಿಲ್ಲ, ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯೋದು ಅಂತಲೇ ತಿಳಿದಿದ್ದೆ. ಸೆಪ್ಟೆಂಬರ್ 6ರ ಭಾನುವಾರ ಪಕ್ಕದ ಟೇಬಲ್ಲಿನವನು ಮನೆಗೆ ಕರೆದು ಟೀವಿ ಮುಂದೆ ಕೂರಿಸಿದ. ರ‍್ಯಾಂಡಿ ಮಾಸ್ ಅನ್ನೋ ಹುಡುಗನ ಮೊದಲ ಮ್ಯಾಚು, ಎರಡು ಟಚ್‌ಡೌನು. ನಾನು ಆಟ ಕಲಿತದ್ದೇ ಹಾಗೆ: ದೂರಕ್ಕೆ ಎಸೆಯೋದು, ಆ ಉದ್ದ ಕಾಲಿನವನು ಹೋಗಿ ಎಲ್ಲರ ತಲೆ ಮೇಲಿಂದ ಕಿತ್ತುಕೊಳ್ಳೋದು. ಆ ವರ್ಷ 1,313 ಯಾರ್ಡು, 17 ಟಚ್‌ಡೌನು. ಆ 17 ಇನ್ನೂ ರೂಕಿ ದಾಖಲೆಯಾಗೇ ನಿಂತಿದೆ. ಥ್ಯಾಂಕ್ಸ್‌ಗಿವಿಂಗ್ ದಿನ ಡಲ್ಲಸ್‌ನಲ್ಲಿ ಮೂರೇ ಕ್ಯಾಚು, ಮೂರೂ ಟಚ್‌ಡೌನು. ಹೊಸಬರು ಅಂದರೆ ಹೀಗೇ ಇರ್ತಾರೆ ಅಂತ ಬಹಳ ವರ್ಷ ನಂಬಿದ್ದೆ. ಕ್ರಿಸ್ ಕಾರ್ಟರ್, ಜೇಕ್ ರೀಡ್ ಅನ್ನೋ ಒಳ್ಳೇ ರಿಸೀವರ್‌ಗಳಿಬ್ಬರೂ ಅದೇ ಟೀಮಿನಲ್ಲಿ ಇದ್ದರು, ಎದುರಾಳಿಗಳು ಇಬ್ಬಿಬ್ಬರನ್ನ ಮಾಸ್ ಮೇಲೆ ಬಿಡೋಕೆ ಆಗ್ತಿರಲಿಲ್ಲ ಅನ್ನೋದು ತಲೆಗೆ ಹೋಗಿದ್ದು ಆಮೇಲೆ.

ಈಗ ನಮ್ಮ ವೈಕಿಂಗ್ಸ್ ಅಂಗಡಿ ತಂದ ರಿಸೀವರ್‌ಗಳ ಲೆಕ್ಕ ನೋಡಿ. ಮಾಸ್ ಡ್ರಾಫ್ಟ್‌ನಲ್ಲಿ 21ನೇ ನಂಬರು. 2016ರಲ್ಲಿ ಲಕ್ವಾನ್ ಟ್ರೆಡ್‌ವೆಲ್ 23. 2020ರಲ್ಲಿ ಜಸ್ಟಿನ್ ಜೆಫರ್‌ಸನ್ 22. ಹೋದ ವರ್ಷ ಜೋರ್ಡನ್ ಆಡಿಸನ್ 23. ಒಂದೇ ಅಂಗಡಿ, ಹೆಚ್ಚು ಕಮ್ಮಿ ಒಂದೇ ಬೆಲೆ. ಟ್ರೆಡ್‌ವೆಲ್ ಮೊದಲ ಸೀಸನ್ ಪೂರ್ತಿ ಹಿಡಿದದ್ದು ಒಂದೇ ಒಂದು ಬಾಲು, 15 ಯಾರ್ಡು. ಜೆಫರ್‌ಸನ್ 88 ಹಿಡಿದ, 1,400 ಯಾರ್ಡು. ಆಡಿಸನ್ 911 ಯಾರ್ಡು, 10 ಟಚ್‌ಡೌನು. ಟ್ರೆಡ್‌ವೆಲ್ ಮುಂದೆ ಹಳೇ ರಿಸೀವರ್‌ಗಳು ಡಿಗ್ಸ್, ಥೀಲನ್ ಕೂತಿದ್ದರು. ಡಿಗ್ಸ್‌ನ ಬಫಲೋಗೆ ಮಾರಿದ ಮೇಲೆ, ಆ ವ್ಯಾಪಾರದಲ್ಲಿ ಬಂದ ನಂಬರಿಗೇ ಜೆಫರ್‌ಸನ್ ಬಂದ. ಹುಬ್ಬಳ್ಳಿಯವರು ಹೇಳಿದ ಹಾಗೆ ಕುರ್ಚಿ ಖಾಲಿ ಇತ್ತಾ ಅನ್ನೋದೇ ಅರ್ಧ ಉತ್ತರ. ಅಂಥ ಜೆಫರ್‌ಸನ್ ಕೂಡ ಮೊದಲೆರಡು ಮ್ಯಾಚು ಸೇರಿಸಿ ಐದೇ ಕ್ಯಾಚು. ಮೂರನೇದರಲ್ಲಿ 175 ಯಾರ್ಡು.

ಮಿಕ್ಕರ್ಧ ಟೀವಿಯಲ್ಲಿ ಕಾಣೋದಿಲ್ಲ. ಕಾಲೇಜಿನಲ್ಲಿ ಇವರೆಲ್ಲ ಬಹಳಷ್ಟು ಸಲ ಬಯಲಿಗೆ ಬಿಟ್ಟ ಕರುವಿನ ಹಾಗೆ ಓಡಿರ್ತಾರೆ. ಇಲ್ಲಿ ಮೊದಲ ಐದು ಯಾರ್ಡಿನೊಳಗೆ ಕಾರ್ನರ್‌ಬ್ಯಾಕ್ (ರಿಸೀವರ್‌ನ ಕಾಯೋ ಎದುರಾಳಿ) ಎದೆಗೆ ಕೈಕೊಟ್ಟು ತಡೀಬಹುದು, ನಿಯಮವೇ ಬಿಡುತ್ತೆ. ಅಲ್ಲಿ ಅರೆಕ್ಷಣ ಸಿಕ್ಕಿಬಿದ್ದರೆ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಇನ್ನೊಬ್ಬನ ಕಡೆ ಹೋಗಿಬಿಟ್ಟಿರುತ್ತೆ. ಗೆರೆ ಪಕ್ಕ ಹಿಡಿದರೆ ಕಾಲೇಜಿನಲ್ಲಿ ಒಂದು ಪಾದ ಒಳಗಿದ್ದರೆ ಸಾಕು, ಇಲ್ಲಿ ಎರಡೂ ಊರಬೇಕು. ಇದೆಲ್ಲಕ್ಕಿಂತ ಕಷ್ಟದ್ದು, ಓಡ್ತಾ ಓಡ್ತಾ ತೀರ್ಮಾನ ಮಾಡೋ ರೂಟುಗಳು, ಅಂದರೆ ಓಡೋ ದಾರಿಗಳು. ಎದುರಿನವನು ಒಳಗಡೆ ನಿಂತರೆ ನೀನು ಹೊರಗೆ ತಿರುಗು, ಹಿಂದೆ ಸರಿದರೆ ನಿಂತುಬಿಡು. ರಿಸೀವರ್‌ಗೂ ಎಸೆಯುವವನಿಗೂ ಒಂದೇ ಗಳಿಗೆಯಲ್ಲಿ ಒಂದೇ ಯೋಚನೆ ಹೊಳೀಬೇಕು. ಹೊಳೆಯದೇ ಹೋದರೆ ಬಾಲ್ ಎಡಕ್ಕೆ, ಹುಡುಗ ಬಲಕ್ಕೆ. ಸೋಫಾ ಮೇಲೆ ಕೂತ ನಾವು ಹುಡುಗನಿಗೇ ಬೈಯೋದು.

ಒಂದು ದಿನದ ಕತೆ ಹೇಳ್ತೀನಿ. 2022ರ ಸೆಪ್ಟೆಂಬರ್ 11, ಸೀಸನ್ನಿನ ಮೊದಲ ಮ್ಯಾಚು, ಪ್ಯಾಕರ್ಸ್ ನಮ್ಮೂರಿಗೆ ಬಂದಿದ್ದರು. ನಾನು ಕ್ರೀಡಾಂಗಣದಲ್ಲೇ ಇದ್ದೆ, ಪಕ್ಕದಲ್ಲಿ ವಿಸ್ಕಾನ್ಸಿನ್‌ನಿಂದ ಬಂದ ಸ್ನೇಹಿತ, ದಾವಣಗೆರೆಯವನು, ಮೈತುಂಬ ಪ್ಯಾಕರ್ಸ್ ಬಣ್ಣದ ಹಸಿರು ಹಳದಿ. ಪ್ಯಾಕರ್ಸ್‌ನ ಮೊದಲ ಪ್ಲೇ. ಕ್ರಿಶ್ಚಿಯನ್ ವಾಟ್ಸನ್ ಅಂತ ರೂಕಿ, ಅವರ ದೊಡ್ಡ ರಿಸೀವರ್ ದಾವಾಂತೆ ಆಡಮ್ಸ್‌ನ ಬಿಟ್ಟುಕೊಟ್ಟ ವರ್ಷವೇ ತಂದ ಹುಡುಗ. ಮೊಣಕಾಲಿನ ಆಪರೇಷನ್ ಆಗಿ ಅಭ್ಯಾಸವೂ ಪೂರ್ತಿ ಆಗಿರಲಿಲ್ಲ. ನಮ್ಮ ಪ್ಯಾಟ್ರಿಕ್ ಪೀಟರ್‌ಸನ್, ಈ ಆಟದಲ್ಲಿ ಹಣ್ಣಾದವನು, ಅವನನ್ನೇ ಹಿಂದೆ ಹಾಕಿ ವಾಟ್ಸನ್ ಓಡಿದ. ಅವರ ಕ್ವಾರ್ಟರ್‌ಬ್ಯಾಕ್ ರಾಜರ್ಸ್ ಎಸೆದ ಬಾಲು ಗಾಳಿಯಲ್ಲಿದ್ದಾಗ ಅಷ್ಟು ದೊಡ್ಡ ಕ್ರೀಡಾಂಗಣ ಉಸಿರು ಬಿಗಿಹಿಡಿದಿತ್ತು. ಮುಂದೆ ಯಾರೂ ಇಲ್ಲ, ಹಿಡಿದರೆ 75 ಯಾರ್ಡಿನ ಟಚ್‌ಡೌನು. ಬಾಲು ಅವನ ಎರಡು ಕೈ ನಡುವಿಂದ ಜಾರಿ ನೆಲಕ್ಕೆ ಬಿತ್ತು.

ನಾವೆಲ್ಲ ಎದ್ದು ಕೂಗಿದ್ವಿ. ದಾವಣಗೆರೆಯವನು ಕುಳಿತೇ ಇದ್ದ. ಅದೇ ಮ್ಯಾಚಿನಲ್ಲಿ ಜೆಫರ್‌ಸನ್ 184 ಯಾರ್ಡು ಹೊಡೆದ, 23-7ಕ್ಕೆ ಗೆದ್ದ್ವಿ, ವಾಪಸ್ ಬರ್ತಾ ಕಾರಿನಲ್ಲಿ ಆ ಹುಡುಗನ್ನ ಎಷ್ಟು ಆಡಿಕೊಂಡೆನೋ ಲೆಕ್ಕವಿಲ್ಲ. ಅವನು ಒಂದೇ ಮಾತು ಹೇಳಿದ: "ಬಿಟ್ಟಿದ್ದು ಕಂಡ್ತು, ಪೀಟರ್‌ಸನ್ ಎಷ್ಟು ಹಿಂದೆ ಉಳಿದಿದ್ದ ಅದು ಕಾಣ್ಲಿಲ್ಲೇನಪಾ?" ನವೆಂಬರ್‌ನಲ್ಲಿ ವಾಟ್ಸನ್ ಕೌಬಾಯ್ಸ್ ಮೇಲೆ ನಾಲ್ಕು ಕ್ಯಾಚು ಹಿಡಿದ, ಅದರಲ್ಲಿ ಮೂರು ಟಚ್‌ಡೌನು. ರಾತ್ರಿ ಫೋನು ಬಂತು, ನಾನು ಎತ್ತಲಿಲ್ಲ.

ಅದಕ್ಕೇ ಹೇಳ್ತೀನಿ, ಮೊದಲ ದಿನದಿಂದಲೇ ಕೇಳಿ, ತಪ್ಪಿಲ್ಲ. ಕೇಳೋದು ಏನನ್ನ ಅಂತ ನೋಡ್ಕೊಳ್ಳಿ. ಎಷ್ಟು ಹೊತ್ತು ಮೈದಾನದಲ್ಲಿ ಇದ್ದ, ಎದುರಿನವನಿಂದ ಬಿಡಿಸ್ಕೊಂಡನಾ ಇಲ್ಲವಾ? ಬಫಲೋ ಮ್ಯಾಚಿನ ಕೊನೇ ಡ್ರೈವು (ಕೊನೇ ದಾಳಿ) ಮತ್ತೆ ಹಾಕಿ ನೋಡಿ, ಹ್ಯಾರಿಸನ್ ಕಾಯೋರಿಲ್ಲದೆ ಬಯಲಿಗೆ ಬಿದ್ದಿದ್ದಾನೆ, ಬಾಲು ಬಂದಿಲ್ಲ.

ಇನ್ನು ಟೀಮಿನವರಿಗೆ ಯಾಕೆ ಅಷ್ಟು ಅವಸರ ಅಂದರೆ, ದುಡ್ಡು. ಲೀಗಿಗೂ ಆಟಗಾರರ ಸಂಘಕ್ಕೂ ಆದ 2011ರ ಒಪ್ಪಂದದಿಂದ ರೂಕಿಗಳ ಸಂಬಳ ನಂಬರಿಗೆ ತಕ್ಕ ಹಾಗೆ ಹೆಚ್ಚು ಕಮ್ಮಿ ಮೊದಲೇ ಗೊತ್ತಿರುತ್ತೆ. ಹ್ಯಾರಿಸನ್‌ಗೆ ನಾಲ್ಕು ವರ್ಷಕ್ಕೆ ಸೇರಿ ಸುಮಾರು 35 ಮಿಲಿಯನ್ ಡಾಲರ್. ಈ ಜೂನ್‌ನಲ್ಲಿ ನಮ್ಮ ಜೆಫರ್‌ಸನ್ ಮಾಡಿಕೊಂಡ ಒಪ್ಪಂದದಲ್ಲಿ ಅದು ಒಂದು ವರ್ಷದ ಸರಾಸರಿ. ಅಗ್ಗಕ್ಕೆ ಸಿಕ್ಕಿರೋ ನಾಲ್ಕು ವರ್ಷದಲ್ಲಿ ಒಂದನ್ನ "ಕಲಿಯಲಿ ಬಿಡಿ" ಅಂತ ಕಳೆಯೋಕೆ ಯಾವ ಮಾಲೀಕನಿಗೂ ಮನಸ್ಸು ಬರಲ್ಲ.

ಕೂರಿಸಬೇಡಿ.


ಚಾಂಡ್ಲರ್_ಮಂಡ್ಯ
16 ಸೆಪ್ಟೆಂಬರ್

ಕೂರಿಸಿಬಿಟ್ಟೆ ಸಾರ್.

ಅಷ್ಟೇ ಆಗಿದ್ರೆ ಪರವಾಗಿರಲಿಲ್ಲ. ನಿನ್ನೆ ಮಗಳನ್ನ ಕರ್ಕೊಂಡು ಗ್ಲೆಂಡೇಲ್‌ಗೆ ಹೋಗಿದ್ದೆ, ರ‍್ಯಾಮ್ಸ್ ಮ್ಯಾಚಿಗೆ. ಪಾರ್ಕಿಂಗಿನಿಂದ ಗೇಟಿಗೆ ನಡೆಯೋಷ್ಟರಲ್ಲಿ ಚಪ್ಪಲಿ ಅಂಟೋ ಬಿಸಿಲು. ಒಳಗೆ ಕೂತು ಅವಳಿಗೆ ನೀರಿನ ಬಾಟ್ಲಿ ತೆಗೆದು ಕೊಡೋದರೊಳಗೆ ಹ್ಯಾರಿಸನ್ ಒಂದು ಟಚ್‌ಡೌನು. ಸ್ವಲ್ಪ ಹೊತ್ತಿಗೆ 60 ಯಾರ್ಡಿನ ಇನ್ನೊಂದು. ಮೊದಲ ಕ್ವಾರ್ಟರ್ ಮುಗಿಯೋ ಹೊತ್ತಿಗೆ 4 ಕ್ಯಾಚು, 130 ಯಾರ್ಡು, 2 ಟಚ್‌ಡೌನು. ಸುತ್ತ ಜನ ಹುಚ್ಚೆದ್ದು ಕುಣೀತಾ ಇದ್ರೆ ಮಗಳು ನನ್ನ ಮುಖ ನೋಡಿ "ಅಪ್ಪಾ, ನೀನ್ಯಾಕೆ ಎದ್ದೇಳ್ತಿಲ್ಲ? ನಮ್ಮೋನೇ ಅಲ್ವಾ?" ಅಂದ್ಲು. ಫೋನಿನಲ್ಲಿ ನನ್ನ ಬೆಂಚಿನ ಮೇಲೆ 29 ಪಾಯಿಂಟು ಮಿನುಗ್ತಾ ಇತ್ತು. ನಾನು ಇಳಿಸಿದ ಹಳಬ ಕೊಟ್ಟಿದ್ದು 3. ವಾರದ ಆಟ 11 ಪಾಯಿಂಟಿನಲ್ಲಿ ಸೋತೆ.

ಕಾರ್ಡಿನಲ್ಸ್ 41-10ಕ್ಕೆ ಗೆದ್ದರು. ಜೀವಮಾನದಲ್ಲಿ ಮೊದಲ ಸಲ ಗೆದ್ದ ಟೀಮಿನ ಕಡೆ ಕೂತು ಅಳು ಬಂತು.


ಹುಬ್ಬಳ್ಳಿ_ಟು_ಎಲ್ಎ
16 ಸೆಪ್ಟೆಂಬರ್

ಕುಂಡ್ರಸ್ರಿ ಅಂದಿದ್ದು ನಮ್ಮ ಟೀಮಿನ ಸಲುವಾಗಿ. ನೀವು ಕುಂಡ್ರಿಸಿದ್ರಿ, ಕಾರ್ಡಿನಲ್ಸ್‌ನವರು ಕುಂಡ್ರಿಸಲಿಲ್ಲ. ಇಬ್ಬರೂ ಹಾಳಾದ್ವಿ ನೋಡ್ರಿ.


ಚಾಂಡ್ಲರ್_ಮಂಡ್ಯ
7 ಜನವರಿ 2025

ಸೀಸನ್ ಮುಗೀತಲ್ಲ, ಲೆಕ್ಕ ಒಪ್ಪಿಸ್ತೀನಿ. ಗ್ಲೆಂಡೇಲ್ ಆದ ಮೇಲೆ ಹಠಕ್ಕೆ ಬಿದ್ದು ಹ್ಯಾರಿಸನ್‌ನ ಒಂದು ವಾರವೂ ಕೂರಿಸಲಿಲ್ಲ. ವರ್ಷಕ್ಕೆ 62 ಕ್ಯಾಚು, 885 ಯಾರ್ಡು, 8 ಟಚ್‌ಡೌನು. ಕೆಟ್ಟದ್ದು ಅನ್ನೋಕಾಗಲ್ಲ, ಎರಡನೇ ಸುತ್ತಿಗೆ ಸಾಲದು. ನಮ್ಮ ಲೀಗಿನಲ್ಲಿ ಇವನಂಥದೇ ರೂಕಿ ಬ್ರಯಾನ್ ಥಾಮಸ್‌ನ ನನಗಿಂತ ಎಷ್ಟೋ ಸುತ್ತು ಹಿಂದೆ ಎತ್ಕೊಂಡೋನಿಗೆ 1,282 ಯಾರ್ಡು, 10 ಟಚ್‌ಡೌನು ಬಿತ್ತು. ಇನ್ನೊಬ್ಬ ರೂಕಿ ನೇಬರ್ಸ್ ಎರಡು ಮ್ಯಾಚು ಆಡದೇನೂ 109 ಕ್ಯಾಚು. ಚಾರ್ಜರ್ಸ್‌ನ ಎರಡನೇ ರೌಂಡಿನ ಮಕ್‌ಕಾಂಕಿ ಕೂಡ 1,149.

ಹಿಮದೂರು ಸಾರ್, ನಿಮ್ಮ ಮಾತು ಕೇಳದ ವಾರವೂ ಸೋತೆ, ಕೇಳಿದ ವಾರಗಳೂ ಸೋತೆ.


ಹಿಮದೂರು
7 ಜನವರಿ

ಹ್ಯಾರಿಸನ್ ಅಪ್ಪ ಕೋಲ್ಟ್ಸ್ ಟೀಮಿಗೆ ಬಂದ 1996ರ ಲೆಕ್ಕ ತೆಗೆದು ನೋಡಿದೆ. 64 ಕ್ಯಾಚು, 836 ಯಾರ್ಡು, 8 ಟಚ್‌ಡೌನು. ಮಗನದಕ್ಕೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯಾ ಹೇಳಿ. ಅವನಿಗೆ ಬಾಲು ಎಸೆಯೋ ಪೇಟನ್ ಮ್ಯಾನಿಂಗ್ ಬಂದಿದ್ದು 1998ರಲ್ಲಿ. ಅಪ್ಪ ಮೊದಲ ಸಲ ಸಾವಿರ ದಾಟಿದ್ದು 1999ರಲ್ಲಿ, ದಾಟಿದ್ದು 1,663ಕ್ಕೆ. ನಿಮ್ಮ ಲೀಗಿನಲ್ಲಿ ಆಟಗಾರನ್ನ ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದಾ?


ಚಾಂಡ್ಲರ್_ಮಂಡ್ಯ
7 ಜನವರಿ

ಇಟ್ಕೋಬಹುದು ಸಾರ್, ಒಬ್ಬನ್ನ. ಮಗಳು ಆಗ್ಲೇ ತೀರ್ಮಾನ ಮಾಡಿಯಾಗಿದೆ, ಜೆರ್ಸಿ ಇನ್ನೂ ಮೈಗೆ ಹಿಡಿಯುತ್ತಂತೆ.

ಹತ್ತನೇ ಸ್ಥಾನ ಮತ್ತೆ ನನ್ನದೇ. ಓಹಾಯೋ ಅಕ್ಕಾ, ಮುಂದಿನ ಮಂಗಳವಾರ ಸಂಕ್ರಾಂತಿ. 40 ಜನಕ್ಕೆ ಬಿಸಿಬೇಳೆಬಾತ್‌ಗೆ ಹುಣಸೆಹಣ್ಣು ಎಷ್ಟು ನೆನೆಸಲಿ?


ಓಹಾಯೋ_ಅಕ್ಕ
7 ಜನವರಿ

ಹೋದ ವರ್ಷ ನೆನೆಸಿದ್ದರಲ್ಲಿ ಅರ್ಧ.